ಚೂರಮ್ಮ ಮತ್ತು ನಲವತ್ತೇಳರ ಪೀಕ್

ಯಾವ ಪುಣ್ಯಾತ್ಮರು ಆ ಹೆಸರಿಟ್ಟರೋ, ಪ್ರಯೋಗಾಲಯದಲ್ಲಿ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಚೂರಮ್ಮ. ಅವಳಿಗೂ ಅದು ಗೊತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲಾಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ಉಳಿಯಲಿಲ್ಲ. ಜೀವಮಾನವಿಡೀ ಚೂರು ಎಣಿಸುತ್ತ ಕೂತವಳನ್ನು ಚೂರಮ್ಮ ಅನ್ನದೆ ಇನ್ನೇನೆಂದಾರು?

ಕೆಲಸ ಹೇಳುವುದಕ್ಕೇನೋ ಸುಲಭ. ಕೊಡದಷ್ಟು ದೊಡ್ಡದೊಂದು ಉಕ್ಕಿನ ಪಾತ್ರೆ. ಪಂಪುಗಳು ಅದರೊಳಗಿನ ಗಾಳಿಯನ್ನೆಲ್ಲ ಹೀರಿ ಬರಿದು ಮಾಡುತ್ತವೆ. ಆ ಬರಿದಿನೊಳಕ್ಕೆ ಅಳೆಯಬೇಕಾದ ಅನಿಲವನ್ನು ಎಷ್ಟು ಬೇಕೋ ಅಷ್ಟೇ ಬಿಡಬೇಕು. ಪಕ್ಕದಲ್ಲಿ ಕೂದಲೆಳೆಯಂಥ ತಂತಿಯೊಂದು ಕಾದು ಉರಿಯುತ್ತ ಎಲೆಕ್ಟ್ರಾನುಗಳನ್ನು ಹೊರಚೆಲ್ಲುತ್ತದೆ. ಅವನ್ನು ಎಷ್ಟು ರಭಸದಿಂದ ಓಡಿಸಬೇಕೆಂಬ ಲಗಾಮು ಚೂರಮ್ಮನ ಕೈಯಲ್ಲಿ. ಓಡಿಬಂದ ಎಲೆಕ್ಟ್ರಾನು ಅನಿಲದ ಅಣುವಿಗೆ ಡಿಕ್ಕಿ ಹೊಡೆಯುತ್ತದೆ. ಪೆಟ್ಟು ಮೆತ್ತಗಿದ್ದರೆ ಅಣು ಜಪ್ಪಯ್ಯ ಅನ್ನುವುದಿಲ್ಲ. ಸ್ವಲ್ಪ ಜೋರಾದರೆ ಅಣುವಿನದೇ ಒಂದು ಎಲೆಕ್ಟ್ರಾನು ಕಿತ್ತುಹೋಗಿ, ಅದು ವಿದ್ಯುದಂಶ ಹೊತ್ತ ಅಯಾನಾಗುತ್ತದೆ. ಇನ್ನೂ ಜೋರಾದರೆ ಅಣುವೇ ಒಡೆದು ಚೂರಾಗುತ್ತದೆ. ವಿದ್ಯುದಂಶ ಹೊತ್ತ ಚೂರುಗಳನ್ನು ಯಂತ್ರ ತನ್ನತ್ತ ಎಳೆದುಕೊಂಡು, ತೂಕದ ಪ್ರಕಾರ ಬೇರೆ ಮಾಡಿ, ಒಂದೊಂದು ತೂಕಕ್ಕೂ ಪರದೆಯ ಮೇಲೆ ಒಂದೊಂದು ಗೆರೆ ಎಬ್ಬಿಸುತ್ತದೆ. ಆ ಗೆರೆಗೆ ಪೀಕ್ ಎಂದು ಹೆಸರು. ಯಾವ ಪೆಟ್ಟಿಗೆ ಯಾವ ಚೂರು, ಎಷ್ಟೆಷ್ಟು ಎಂದು ಅಳೆದು ಕೊಡುವುದು ಚೂರಮ್ಮನ ಪಾಲಿಗೆ ಬಂದ ಕೆಲಸ.

ಅವಳು ಅಳೆದದ್ದೆಲ್ಲ ಫ್ಲೋರಿನ್, ಕ್ಲೋರಿನ್, ಅಯೋಡಿನ್ ಸೇರಿಕೊಂಡಿರುವ ಅನಿಲಗಳನ್ನು. ಕಂಪ್ಯೂಟರಿನ ಚಿಪ್ಪುಗಳನ್ನು ಕೊರೆಯುವ ಕಾರ್ಖಾನೆಗಳಿಗೆ ಇವೇ ಉಳಿ. ಎಲೆಕ್ಟ್ರಾನಿನ ಪೆಟ್ಟು ತಿಂದು ಚೂರಾದ ಮೇಲೆಯೇ ಅವು ಕೊರೆಯುತ್ತವೆ. ಒಡೆಯದೆ ಉಳಿದದ್ದು ಹೊಗೆ ಕೊಳವೆಯಿಂದ ಆಚೆ ಹೋಗಿ ಯಾವ ಕಾಲಕ್ಕೂ ಕರಗದೆ ಆಕಾಶದಲ್ಲಿ ಕೂತು ಭೂಮಿಯನ್ನು ಕಾಯಿಸುತ್ತದೆ. ಆದ್ದರಿಂದ ಯಾವುದು ಎಷ್ಟು ಒಡೆಯುತ್ತದೆ ಎಂಬ ಅಂಕಿ ಸರಿಯಾಗಿರಬೇಕು. ಅಂಕಿ ಕೊಟ್ಟವರಿಗೂ ಅದನ್ನು ನಂಬಿ ಕಾರ್ಖಾನೆ ಕಟ್ಟುವವರಿಗೂ ಮುಖ ಪರಿಚಯವೂ ಇರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳ ಕೈಗೆ ಬಂದ ಅನಿಲದ ಅಣುವಿನಲ್ಲಿ ಒಂದು ಇಂಗಾಲ, ನಾಲ್ಕು ಫ್ಲೋರಿನ್ ಇದ್ದವು. ಒಟ್ಟು ತೂಕ ಎಂಬತ್ತೆಂಟು. ಪರದೆಯ ಮೇಲೆ ಎಂಬತ್ತೆಂಟರಲ್ಲಿ ಏನೂ ಕಾಣಲಿಲ್ಲ. ಅರವತ್ತೊಂಬತ್ತರಲ್ಲಿ ಮಾತ್ರ ದೊಡ್ಡ ಪೀಕ್ ಎದ್ದು ನಿಂತಿತ್ತು. ಯಂತ್ರ ಕೆಟ್ಟಿದೆ ಎಂದು ಹೆದರಿ ಓಡಿದವಳಿಗೆ ಹಿರಿಯರು ನಕ್ಕು ಹೇಳಿದರು: ಅದು ಇರುವುದೇ ಹಾಗೆ, ಪೆಟ್ಟು ಬಿದ್ದ ಕ್ಷಣಕ್ಕೇ ಒಂದು ಫ್ಲೋರಿನ್ ಕಳಚಿಕೊಂಡುಬಿಡುತ್ತದೆ, ಅಯಾನಾಗಿ ಇಡಿಯಾಗಿ ಅದನ್ನು ಕಂಡವರೇ ಇಲ್ಲ. ಮನೆಗೆ ಬಂದು ಅಕ್ಕನಿಗೆ ಹೇಳಿದ್ದಳು.

"ಇಡಿಯಾಗಿ ಕಾಣದೇ ಇದ್ರೆ ಅದು ಹೇಗಿತ್ತು ಅಂತ ನಿಮಗೆ ಹೇಗೆ ಗೊತ್ತಾಗತ್ತೆ?" ಎಂದಳು ಅಕ್ಕ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ಚೂರು ಜೋಡಿಸಿ ನೋಡ್ತೀವಿ."

"ಅಂದ್ರೆ ದರ್ಜಿ ಕೆಲಸವೇ. ಇದಕ್ಕಾ ನಿನ್ನ ಅಷ್ಟೊಂದು ಓದಿಸಿದ್ದು?"

ಓದಿಸಿದ್ದು ಅಕ್ಕನೇ. ಅಮ್ಮ ಹೋದ ಮೇಲೆ ತಂಗಿಯನ್ನು ಮಡಿಲಿಗೆ ಹಾಕಿಕೊಂಡವಳು ಅವಳು. ಮದುವೆಯ ಗೋಜಿಗೆ ಅಕ್ಕ ಹೋಗಲಿಲ್ಲ, ತಂಗಿ ಹೋಗಿ, ಸಾಕಪ್ಪಾ ಸಾಕು ಎಂದು ಬೇಗ ವಾಪಸು ಬಂದಳು. ಆಮೇಲೆ ಇಬ್ಬರೂ ಒಂದೇ ಮನೆಯಲ್ಲಿ, ಒಬ್ಬರ ಕಾಲನ್ನು ಒಬ್ಬರು ಎಳೆದುಕೊಂಡು ಬದುಕಿದರು. ಅಕ್ಕ ಹೊಲಿಯುತ್ತಿದ್ದದ್ದು ಹಡಗಿನ ಸಿಬ್ಬಂದಿಯ ಬಿಳಿ ಅಂಗಿಗಳನ್ನು. ಗಟ್ಟಿ ಕಾಲರು, ಹೆಗಲ ಮೇಲೆ ಪಟ್ಟಿ, ಹಿತ್ತಾಳೆ ಗುಂಡಿ. ರಜೆಯ ದಿನ ತಂಗಿಯನ್ನೂ ಹೊಲಿಯಲು ಕೂರಿಸುತ್ತಿದ್ದಳು. ಕಾಲರು ಒಂದು ಎಳೆ ಸೊಟ್ಟ ಬಂದರೆ ಮಾತಿಲ್ಲ ಕತೆಯಿಲ್ಲ, ಬ್ಲೇಡನ್ನು ಮುಂದಿಟ್ಟು "ಬಿಚ್ಚು" ಎನ್ನುತ್ತಿದ್ದಳು. ಸೊಟ್ಟ ಆದ ಕಡೆ ಮಾತ್ರ ಬಿಚ್ಚುವ ಹಾಗಿಲ್ಲ, ಪೂರ್ತಿ ಬಿಚ್ಚಬೇಕು. ತಂಗಿ ಮೂಗು ಸೊರಸೊರ ಮಾಡುತ್ತ ಬಿಚ್ಚುತ್ತಿದ್ದಳು.

ಅಷ್ಟು ಅಂಗಿ ಹೊಲಿದವಳು ಒಂದು ಹಡಗನ್ನೂ ಕಂಡವಳಲ್ಲ. ಬಂದರು ಇದ್ದದ್ದು ರೈಲಿನಲ್ಲಿ ಹಗಲಿಡೀ ಕೂತು ಹೋಗಬೇಕಾದ ಊರಿನಲ್ಲಿ. ಒಮ್ಮೆ ಹೊಲಿಯಲು ಅಂಗಿಗಳ ಗಂಟು ಬಾರದೆ ಕೈ ಬರಿದಾಯಿತು, ಇನ್ನೊಮ್ಮೆ ತಂಗಿಯ ಯಂತ್ರ ಕೆಟ್ಟಿತು, ಮತ್ತೊಮ್ಮೆ ಏನೋ. ಹಾಗೇ ಮುಂದೆ ಮುಂದೆ ಹೋಯಿತು. ಕೊನೆಗೆ ಸೂಜಿಗೆ ದಾರ ಪೋಣಿಸಲಾಗದೆ ಅಕ್ಕ ಹೊಲಿಗೆ ನಿಲ್ಲಿಸಿದಾಗ ಕಣ್ಣಿನ ಡಾಕ್ಟರು ಹೇಳಿದರು: ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ. ಸುತ್ತಲ ಅಂಚು ಉಳಿಯುತ್ತದೆ, ನಡು ಹೋಗುತ್ತದೆ. ಒಂದು ಕಣ್ಣಿನದು ಹೋಗಿಯಾಗಿದೆ, ಇನ್ನೊಂದು ಇದ್ದಷ್ಟು ದಿನ ಇರುತ್ತದೆ. ನೋಡಬೇಕಾದ್ದೇನಾದರೂ ಇದ್ದರೆ ಈಗಲೇ ನೋಡಿಬಿಡಿ.

"ಹಡಗು ತೋರಿಸ್ತೀಯಾ?" ಎಂದಳು ಅಕ್ಕ, ಆಸ್ಪತ್ರೆಯ ಮೆಟ್ಟಿಲಿಳಿಯುತ್ತ. "ಬರೀ ಹಡಗಲ್ಲ ಮತ್ತೆ. ಅದರಲ್ಲಿರೋರು ಹಾಕ್ಕೊಂಡಿರೋ ಅಂಗಿ. ಹತ್ತಿರದಿಂದ ನೋಡಬೇಕು. ನನ್ನ ಕಾಲರು ಮೈಮೇಲೆ ಹೇಗೆ ಕೂತಿದೆ ಅಂತ."

"ಈ ಅಳತೆ ಒಂದು ಮುಗೀಲಿ ಅಕ್ಕ. ಮುಗಿದ ಮಾರನೇ ದಿನವೇ ಹೊರಡೋಣ."

ಈ ಅಳತೆ ಅಂದರೆ ಕೊನೆಯ ಅಳತೆ. ಚೂರಮ್ಮನ ನಿವೃತ್ತಿಯೂ ಯಂತ್ರದ ನಿವೃತ್ತಿಯೂ ಒಟ್ಟೊಟ್ಟಿಗೇ ಬಂದಿದ್ದವು. ಕೋಣೆಯನ್ನು ಬೇರೆ ವಿಭಾಗಕ್ಕೆ ಬಿಟ್ಟುಕೊಡಬೇಕಿತ್ತು. ಅದಕ್ಕೆ ಮುಂಚೆ ಹೊಸ ಅನಿಲವೊಂದನ್ನು ಅಳೆದು ಕೊಡಬೇಕು: ಇಂಗಾಲ, ಫ್ಲೋರಿನ್ ಜೊತೆಗೆ ಒಂದು ಅಯೋಡಿನ್ ಇರುವುದು, ಸುಲಭವಾಗಿ ಒಡೆಯುತ್ತದೆಂದು ಎಲ್ಲರೂ ಆಸೆಯಿಟ್ಟುಕೊಂಡಿದ್ದದ್ದು. ಅಯೋಡಿನ್ನಿನ ಚೂರುಗಳು ಪಂಪಿನ ಮಾಮೂಲಿ ಎಣ್ಣೆಯನ್ನು ಹಾಳುಮಾಡುತ್ತವೆ. ಹಾಗಾಗಿ ಅದನ್ನು ಬಸಿದು, ಯಾವುದಕ್ಕೂ ಕೆಡದ ಬೇರೆ ಜಾತಿಯ ಎಣ್ಣೆ ಹಾಕಿದಳು. ಅದು ಫ್ಲೋರಿನ್ ತುಂಬಿದ ಎಣ್ಣೆ.

ಈ ಕೆಲಸದವರಲ್ಲಿ ಒಂದು ನೇಮ ಉಂಟು. ಅನಿಲ ಬಿಡುವ ಮೊದಲು, ಏನೂ ಬಿಡದೆ, ಖಾಲಿ ಪಾತ್ರೆಯನ್ನೇ ಒಮ್ಮೆ ಅಳೆಯಬೇಕು. ಅದಕ್ಕೆ ಬ್ಲ್ಯಾಂಕ್ ತೆಗೆಯುವುದು ಅನ್ನುತ್ತಾರೆ. ಎಷ್ಟು ಬರಿದು ಮಾಡಿದರೂ ಪಾತ್ರೆಯಲ್ಲಿ ಅದರದೇ ಕೊಳೆ ಒಂದಿಷ್ಟು ಇರುತ್ತದೆ. ಅದೆಷ್ಟೆಂದು ತಿಳಿದುಕೊಂಡು ಆಮೇಲೆ ಕಳೆಯಬೇಕು. ಎಣ್ಣೆ ಬದಲಿಸುವ ಮೊದಲು ಚೂರಮ್ಮ ಬ್ಲ್ಯಾಂಕ್ ತೆಗೆದಿದ್ದಳು. ಬದಲಿಸಿದ ಮೇಲೆ ಮತ್ತೊಮ್ಮೆ ತೆಗೆಯಬೇಕಿತ್ತು. ಆದರೆ ಆ ದಿನ ಅಕ್ಕನ ಕಣ್ಣಿಗೆ ಇಂಜೆಕ್ಷನ್ ಇತ್ತು. ಅಕ್ಕ ಹೆದರಿಕೊಂಡಿದ್ದಳು, ಯಾವತ್ತೂ ಹೆದರದವಳು ಚಿಕ್ಕ ಮಗುವಿನ ಹಾಗೆ ತಂಗಿಯ ತೋಳು ಹಿಡಿದುಕೊಂಡಿದ್ದಳು. ಚೂರಮ್ಮ ಪಂಪು ಚಾಲೂ ಮಾಡಿ ಆಸ್ಪತ್ರೆಗೆ ಓಡಿದಳು. ಮಾರನೆಯ ದಿನ ಬಂದವಳು ಬ್ಲ್ಯಾಂಕ್ ಆಗಿದೆ ಎಂಬ ನೆನಪಿನಲ್ಲೇ ಸೀದಾ ಅನಿಲ ಬಿಟ್ಟಳು.

ಅಂಕಿ ಚೆನ್ನಾಗಿ ಬಂತು, ಬಯಸಿದ್ದಕ್ಕಿಂತ ಚೆನ್ನಾಗಿ. ಒಂದು ಇಂಗಾಲ, ಮೂರು ಫ್ಲೋರಿನ್ನಿನ ಚೂರಿನದಾದ ಅರವತ್ತೊಂಬತ್ತರ ಪೀಕ್ ಆಳೆತ್ತರ ನಿಂತಿತು. ಹೊಸ ಅನಿಲ ಇಷ್ಟು ಧಾರಾಳವಾಗಿ ಒಡೆಯುತ್ತದೆಂದು ಯಾರೂ ಎಣಿಸಿರಲಿಲ್ಲ. ವಿಭಾಗದ ಮುಖ್ಯಸ್ಥ, ಗಂಟಲು ಸರಿಮಾಡಿಕೊಳ್ಳದೆ ಯಾವ ಮಾತನ್ನೂ ಶುರುಮಾಡದ ಮನುಷ್ಯ, ಎರಡು ಸಲ ಗಂಟಲು ಸರಿಮಾಡಿಕೊಂಡು "ಒಳ್ಳೇ ಮುಕ್ತಾಯ ಮೇಡಂ" ಎಂದ. ಚೂರಮ್ಮ ರೈಲಿನ ಟಿಕೆಟ್ ತೆಗೆಸಿದಳು. ಅಕ್ಕ ಚೀಲ ತುಂಬಿ ಬಾಗಿಲ ಪಕ್ಕ ಇಟ್ಟಳು. ಆಚೀಚೆ ಓಡಾಡುವಾಗಲೆಲ್ಲ ಅದನ್ನು ಕಾಲಿನಿಂದ ಮುಟ್ಟಿ ನೋಡುತ್ತಿದ್ದಳು.

ವರದಿಗೆ ಪೀಕುಗಳ ಚಿತ್ರ ಮಾಡಲು ಕೂತಾಗ ಅದು ಕಣ್ಣಿಗೆ ಬಿತ್ತು. ನಲವತ್ತೇಳರಲ್ಲಿ ಒಂದು ಸಣ್ಣ ಪೀಕ್. ಸಾಸಿವೆಯಷ್ಟು. ಮೊದಲು ಧೂಳೆಂದುಕೊಂಡು ಪರದೆಯನ್ನು ಬೆರಳಿನಿಂದ ಒರೆಸಿದಳು, ಹೋಗಲಿಲ್ಲ. ನಲವತ್ತೇಳು ಆಗಬೇಕಾದರೆ ಇಂಗಾಲ, ಫ್ಲೋರಿನ್ ಜೊತೆಗೆ ಆಮ್ಲಜನಕ ಇರಬೇಕು. ಅವಳ ಅನಿಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ. ಎಲ್ಲಿಂದ ಬಂತು? ಹೊಸ ಎಣ್ಣೆಯಲ್ಲಿ ಆಮ್ಲಜನಕ ಇದೆ. ಆ ಎಣ್ಣೆಯ ಆವಿ ಪಂಪಿನಿಂದ ಹಿಮ್ಮುಖವಾಗಿ ಏರಿ ಪಾತ್ರೆ ಸೇರಿದೆ. ಎಲೆಕ್ಟ್ರಾನಿಗೆ ಎಣ್ಣೆಯಾದರೇನು, ಅನಿಲವಾದರೇನು, ಸಿಕ್ಕಿದ್ದನ್ನೆಲ್ಲ ಒಡೆಯುತ್ತದೆ. ಎಣ್ಣೆ ಒಡೆದರೆ ನಲವತ್ತೇಳು ಒಂದು ಚಿಟಿಕೆ, ಅರವತ್ತೊಂಬತ್ತು ರಾಶಿ. ತಾನು ಹೊಸ ಅನಿಲದ್ದೆಂದು ಎಣಿಸಿದ ಚೂರುಗಳಲ್ಲಿ ಒಂದು ಪಾಲು ಪಂಪಿನ ಎಣ್ಣೆಯದು.

ಕೆಲಸದ ಮೊದಲ ಪಾಠವನ್ನು ಕೊನೆಯ ಅಳತೆಯಲ್ಲಿ ಮರೆತಿದ್ದಳು. ಈಗ ಬ್ಲ್ಯಾಂಕ್ ತೆಗೆದು ಕಳೆದರೂ ಉಪಯೋಗವಿಲ್ಲ. ಎಣ್ಣೆಯ ಆವಿ ದಿನಕ್ಕೊಂದು ಬಗೆ, ಅವತ್ತಿನ ಕೊಳೆ ಇವತ್ತಿಲ್ಲ. ಎಲ್ಲವನ್ನೂ ಬಿಚ್ಚಬೇಕು, ತೊಳೆಯಬೇಕು, ಆವಿ ಮತ್ತೆ ಏರದಂತೆ ಪಂಪಿನ ಬಾಯಿಗೆ ತಡೆ ಕೂರಿಸಬೇಕು, ಪಾತ್ರೆಗೆ ಬಿಸಿ ಪಟ್ಟಿ ಸುತ್ತಿ ವಾರಗಟ್ಟಲೆ ಕಾಯಿಸಬೇಕು, ಬ್ಲ್ಯಾಂಕ್ ತೆಗೆದು ಮೊದಲಿನಿಂದ ಅಳೆಯಬೇಕು. ಕೋಣೆ ಬಿಟ್ಟುಕೊಡುವುದರೊಳಗೆ ಆಗಬೇಕಾದರೆ ಇವತ್ತೇ ಶುರುಮಾಡಬೇಕು. ಅಷ್ಟರೊಳಗೆ ಅಕ್ಕನ ಕಣ್ಣು?

ಚೂರಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. ಅವಳಿಗೆ ಸಾಕಾಗಿತ್ತು. ಪಂಪಿನ ಗುಂಯ್ ಸದ್ದು ಸಾಕಾಗಿತ್ತು, ಬೋಲ್ಟು ಬಿಗಿದು ಬಿಗಿದು ಊದಿಕೊಂಡ ಬೆರಳ ಗಂಟುಗಳು ಸಾಕಾಗಿದ್ದವು, ಊಟದ ಡಬ್ಬಿ ತೆರೆದರೂ ಬರುವ ಎಣ್ಣೆ ವಾಸನೆ ಸಾಕಾಗಿತ್ತು. ನಲವತ್ತೇಳನ್ನು ಬೇರೆ ಯಾರೂ ನೋಡುವುದಿಲ್ಲ. ಚಿತ್ರವನ್ನು ಐವತ್ತರಿಂದ ಶುರುಮಾಡಿದರೆ ನಲವತ್ತೇಳು ಅದರಲ್ಲಿ ಇರುವುದೇ ಇಲ್ಲ. ಹಾಗೆ ಶುರುಮಾಡಿಯೂ ನೋಡಿದಳು. ಚಿತ್ರ ಅಂದವಾಗಿಯೇ ಇತ್ತು. ಪರದೆ ಆರಿಸಿ ಮನೆಗೆ ಹೊರಟಳು.

ಸಂಜೆ ಮನೆಯಲ್ಲಿ ಅಕ್ಕ ತಟ್ಟೆಯಲ್ಲಿ ಅನ್ನ ಎಲ್ಲಿದೆಯೆಂದು ಕೈಯಿಂದ ತಡವಿ ಕಲಸುತ್ತಿದ್ದಳು.

"ಏನೇ ಪುಟ್ಟಿ, ಮುಖ ಹಿಂಡಿಕೊಂಡಿದೀಯ?"

"ನಿನಗೆಲ್ಲಿ ಕಾಣತ್ತೆ ನನ್ನ ಮುಖ?"

"ಮುಖ ಕಾಣಲ್ಲ. ಕಿವಿ ಎರಡೂ ಕಾಣತ್ತೆ, ಕೂದಲು ಕಾಣತ್ತೆ. ಕಿವಿ ಜೋತುಬಿದ್ದಿದೆ." ನಕ್ಕಳು. "ಒಳ್ಳೇ ಕಣ್ಣಲ್ಲಿ ನೋಡಲಾ? ಅದರಲ್ಲಿ ಇನ್ನೂ ಮೂಗು ಉಳಿದಿದೆ."

ಚೂರಮ್ಮ ಉಣ್ಣಲಾಗದೆ ಎದ್ದಳು. ಆಸ್ಪತ್ರೆಗೆ ಹೋದ ದಿನದ ಮಾತೆತ್ತಲಿಲ್ಲ. ಎತ್ತಿದರೆ ತಪ್ಪನ್ನು ಅಕ್ಕನ ತಲೆಗೆ ಕಟ್ಟಿದಂತಾಗುತ್ತಿತ್ತು. ಬಾಗಿಲ ಬಳಿಯ ಚೀಲವನ್ನು ನೋಡಲಾಗದೆ ಹಿತ್ತಲಿಗೆ ಹೋಗಿ ನಿಂತು ಅತ್ತಳು.

ಮರುದಿನ ಮುಖ್ಯಸ್ಥನ ಕೋಣೆಗೆ ಹೋಗಿ, ಕೂರದೆಯೇ ಎಲ್ಲ ಹೇಳಿದಳು. ಈ ಸಲ ಅವನು ಗಂಟಲು ಸರಿಮಾಡಿಕೊಳ್ಳಲೇ ಇಲ್ಲ.

"ನಾನೂ ನೋಡಿದ್ದೆ ಮೇಡಂ ನಲವತ್ತೇಳನ್ನ," ಎಂದ. "ಏನೋ ಗಾಳಿ ಸೇರಿರಬೇಕು ಅಂದ್ಕೊಂಡು ಸುಮ್ಮನಾದೆ. ನಿಜ ಹೇಳಬೇಕಂದ್ರೆ, ನನಗೂ ಸುಮ್ಮನಾಗೋದೇ ಬೇಕಿತ್ತು."

"ಮತ್ತೆ ಅಳೀಬೇಕು ಸರ್."

"ನಿಮ್ಮ ಅಕ್ಕನ ಜೊತೆ ಊರಿಗೆ ಹೋಗ್ಬೇಕು ಅಂತಿದ್ರಲ್ಲ? ನೀವು ಹೋಗಿ. ಆ ಅಂಕಿ ಬಿಟ್ಟು ಉಳಿದಿದ್ದನ್ನ ಕಳಿಸಿಬಿಡೋಣ."

"ಅದೊಂದಕ್ಕೇ ತಾನೆ ಅವರು ಕಾಯ್ತಿರೋದು? ನಾವು ಕೊಡದೇ ಇದ್ರೆ ಊಹೆ ಮೇಲೆ ಹಾಕ್ಕೋತಾರೆ. ಆಮೇಲೆ ಅಳೆಯೋಕೆ ಯಂತ್ರವೇ ಇರಲ್ಲ."

"ನೀವು ಹೋಗಿ ಬಂದ ಮೇಲೆ ಶುರುಮಾಡಿದ್ರೆ?"

"ಕಾಯಿಸೋದಕ್ಕೆ ಸಮಯ ಸಾಲಲ್ಲ. ನಿಮಗೂ ಗೊತ್ತು."

ಅವನಿಗೂ ಗೊತ್ತಿತ್ತು. ಕೋಟು ತೆಗೆದು ಕುರ್ಚಿಗೆ ಹಾಕಿ, ತೋಳು ಮಡಚಿಕೊಂಡು ಅವಳ ಹಿಂದೆಯೇ ಬಂದ. ಆ ದಿನ ಪಂಪು ಬಿಚ್ಚಿದವರು ಇಬ್ಬರೂ ಸೇರಿ. ಅವನ ಕೈಗೆ ಸ್ಪ್ಯಾನರು ಹಿಡಿದು ಅಭ್ಯಾಸ ತಪ್ಪಿತ್ತು, ಎರಡು ಕಡೆ ತರಚಿಕೊಂಡ.

ಟಿಕೆಟ್ ರದ್ದಾಯಿತು. "ಯಂತ್ರ ಕೈಕೊಟ್ಟಿದೆ ಅಕ್ಕ, ಸ್ವಲ್ಪ ತಡವಾಗತ್ತೆ" ಎಂದಷ್ಟೇ ಹೇಳಿದಳು ಚೂರಮ್ಮ. ಅಕ್ಕ ಹ್ಞೂಂ ಎಂದಳು. ಚೀಲವನ್ನು ಮಾತ್ರ ತೆಗೆಯಲಿಲ್ಲ.

ಪಾತ್ರೆಗೆ ಬಿಸಿ ಪಟ್ಟಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ ಕಾಯಿಸತೊಡಗಿದರು. ಗೋಡೆಗೆ ಅಂಟಿದ ಎಣ್ಣೆ ಬಿಡಬೇಕು. ಅದು ಬಿಡುವುದು ಅದಕ್ಕೆ ಮನಸ್ಸು ಬಂದಾಗ, ನಮ್ಮ ಅವಸರ ಅದಕ್ಕೆ ಕಟ್ಟಿಕೊಂಡು ಏನಾಗಬೇಕು? ಚೂರಮ್ಮ ದಿನಾ ಪರದೆಯ ಮುಂದೆ ಕೂತು ನಲವತ್ತೇಳನ್ನು ನೋಡುತ್ತಿದ್ದಳು. ಒಂದು ದಿನ ಇಳಿದಂತೆ ಕಂಡು, ಇನ್ನೊಂದು ದಿನ ಇದ್ದಲ್ಲೇ ಇರುತ್ತಿತ್ತು. ಆ ಪೀಕನ್ನು ಅವಳು ದ್ವೇಷಿಸಿದಷ್ಟು ಬಿಟ್ಟುಬಂದ ಗಂಡನನ್ನೂ ದ್ವೇಷಿಸಿರಲಿಲ್ಲ.

"ವಾರವೆಲ್ಲ ಬೇಯಿಸ್ತೀಯಂತೆ," ಎನ್ನುತ್ತಿದ್ದಳು ಅಕ್ಕ. "ಮನೆಗೆ ಒಂದು ತುತ್ತೂ ತರೋದಿಲ್ಲವಲ್ಲೇ."

ಒಂದು ಬೆಳಗ್ಗೆ ಅಕ್ಕ ಚಹಾವನ್ನು ಲೋಟದ ಆಚೆ ಬಗ್ಗಿಸಿದಳು. ಮೇಜಿನ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿದರೂ ಬಗ್ಗಿಸುತ್ತಲೇ ಇದ್ದಳು. ತಂಗಿ ಓಡಿಬಂದು ಕೈ ಹಿಡಿದುಕೊಂಡಾಗ ಅವಳ ಮುಖದ ಕಡೆ ನೋಡಿ, ಆಮೇಲೆ ತಲೆಯನ್ನು ಪಕ್ಕಕ್ಕೆ ತಿರುಗಿಸಿ ಓರೆಗಣ್ಣಿನಿಂದ ನೋಡಿ, "ಮೂಗೂ ಹೋಯ್ತು" ಎಂದಳು. ತಂಗಿ ಮೇಜು ಒರೆಸಿ, ಬೇರೆ ಚಹಾ ಬಗ್ಗಿಸಿಕೊಟ್ಟಳು. ಅವತ್ತೂ ಚೂರಮ್ಮ ಕೆಲಸಕ್ಕೆ ಹೋಗಬೇಕಿತ್ತು, ಹೋದಳು.

ನಲವತ್ತೇಳು ಒಂದು ದಿನ ಇಲ್ಲವಾಯಿತು. ಬ್ಲ್ಯಾಂಕ್ ತೆಗೆದಳು, ನಂಬಿಕೆ ಸಾಲದೆ ಮತ್ತೆ ತೆಗೆದಳು. ಅನಿಲ ಬಿಟ್ಟಳು, ಮೊದಲಿನಿಂದ ಕೊನೆಯವರೆಗೆ ಅಳೆದಳು. ಅರವತ್ತೊಂಬತ್ತು ಮೊದಲಿಗಿಂತ ನೂರಕ್ಕೆ ಹನ್ನೊಂದರಷ್ಟು ಗಿಡ್ಡವಾಗಿ ಬಂತು. ಹೊಸ ಅನಿಲ ಒಳ್ಳೆಯದೇ, ಆದರೆ ಹೊಗಳಿದಷ್ಟಲ್ಲ. ವರದಿ ಹೋಯಿತು. ಭೇಷ್ ಎಂದವರಿಲ್ಲ. ಯಂತ್ರವನ್ನು ಬಿಚ್ಚಿ ಪೆಟ್ಟಿಗೆಗಳಿಗೆ ತುಂಬುವಾಗ ಮುಖ್ಯಸ್ಥ ಪಕ್ಕದಲ್ಲಿ ನಿಂತಿದ್ದ. ಗಂಟಲು ಸರಿಮಾಡಿಕೊಂಡು, ಒಂದು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಟ್ಟ. ಚೂರಮ್ಮನಿಗೆ ದುಃಖವಾಗುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಅವಳಿಗೆ ಆದದ್ದು ಬರೀ ಸುಸ್ತು.

ಮಾರನೆಯ ದಿನವೇ ಇಬ್ಬರೂ ರೈಲು ಹತ್ತಿದರು.

ಬಂದರಿನಲ್ಲಿ ಒಂದು ದೊಡ್ಡ ಹಡಗು ನಿಂತಿತ್ತು. ಅಷ್ಟು ದೊಡ್ಡದಿರುತ್ತದೆಂದು ಚೂರಮ್ಮನೂ ಎಣಿಸಿರಲಿಲ್ಲ. ಹತ್ತಿರಕ್ಕೆ ಬಿಡಲಿಲ್ಲ, ಕಂಬಿ ಬೇಲಿಯ ಈಚೆಯೇ ನಿಲ್ಲಬೇಕಾಯಿತು. ಅಕ್ಕ ಬೇಲಿ ಹಿಡಿದುಕೊಂಡು, ಹಡಗಿಗೆ ಅಡ್ಡ ನಿಂತು, ಮುಖವನ್ನು ಗೋದಾಮಿನ ಕಡೆ ತಿರುಗಿಸಿದಳು. ಹಾಗೆ ನಿಂತರೇ ಅವಳಿಗೆ ಕಾಣುವುದು. ದಾರಿಹೋಕನೊಬ್ಬ "ಅಮ್ಮಾ, ಹಡಗು ಈ ಕಡೆ" ಎಂದು ತೋರಿಸಿ ಹೋದ. ಅಕ್ಕ ಒಮ್ಮೆ ನೇರವಾಗಿ ಹಡಗಿನ ಕಡೆಗೂ ತಿರುಗಿದಳು.

"ಕಾಣ್ತಿದೆಯಾ ಅಕ್ಕ?"

"ಅಬ್ಬಾ. ಈ ತುದಿ ಕಾಣ್ತಿದೆ, ಆ ತುದಿ ಕಾಣ್ತಿದೆ. ಮೇಲೆ ಹೊಗೆ ಕಾಣ್ತಿದೆ. ನನ್ನ ಕಣ್ಣಿನ ತೂತಿಗಿಂತ ದೊಡ್ಡದಿದೆ ಬಿಡು." ಆಮೇಲೆ ಮೆಲ್ಲಗೆ ಕೇಳಿದಳು, "ತಪ್ಪಾಗಿದ್ದು ನನ್ನ ಆಸ್ಪತ್ರೆ ದಿನ ಅಲ್ವಾ?"

ಚೂರಮ್ಮ ಹಡಗಿನಿಂದ ಕಣ್ಣು ತೆಗೆದು ಅಕ್ಕನನ್ನು ನೋಡಿದಳು. "ಯಾರು ಹೇಳಿದ್ರು?"

"ಯಂತ್ರ ಕೈಕೊಟ್ರೆ ನೀನು ಯಂತ್ರವನ್ನ ಬಯ್ತೀಯ. ಈ ಸಲ ಬಯ್ಯಲೇ ಇಲ್ಲ." ಅಕ್ಕ ಬೇಲಿಯ ಮೇಲಿನ ತುಕ್ಕನ್ನು ಉಗುರಿನಿಂದ ಕೆರೆದಳು. "ಎಷ್ಟು ವ್ಯತ್ಯಾಸ ಬಂತು ಕೊನೆಗೆ?"

"ನೂರಕ್ಕೆ ಹನ್ನೊಂದು."

"ಅಷ್ಟೇನಾ?"

"ಅಷ್ಟೇ."

"ಅಷ್ಟಕ್ಕೆ ನನ್ನ ಕಣ್ಣು ಕಾಯಬೇಕಿತ್ತು." ಅಕ್ಕನ ದನಿಯಲ್ಲಿ ಸಿಟ್ಟು ಇತ್ತು, ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಚೂರಮ್ಮ ತಲೆ ತಗ್ಗಿಸಿ ನಿಂತಳು. ಅಕ್ಕ ತಡಕಾಡಿ ಅವಳ ಮಣಿಕಟ್ಟು ಹಿಡಿದುಕೊಂಡಳು. "ಯಾರನ್ನ ಬಯ್ಯಲಿ ಹೇಳು? ಸೊಟ್ಟ ಬಂದ್ರೆ ಪೂರ್ತಿ ಬಿಚ್ಚು ಅಂತ ಕೈಗೆ ಬ್ಲೇಡು ಕೊಟ್ಟವಳು ನಾನೇ."

ಹಡಗಿನ ಮೇಲೆ ಯಾರೋ ಕೂಗಿದರು. ಗಾಳಿಗೆ ಸೀಮೆಎಣ್ಣೆ, ಉಪ್ಪು ಬೆರೆತ ವಾಸನೆ ಬಂತು.

"ಈಗ ನಡುವೆ ಏನಿದೆ, ಅದನ್ನ ನೀನು ಹೇಳು," ಎಂದಳು ಅಕ್ಕ.

ಚೂರಮ್ಮ ಕಣ್ಣೊರೆಸಿಕೊಂಡು ನೋಡಿದಳು. "ನಡುವೆ ಒಂದು ಏಣಿ. ಏಣಿ ಮೇಲೆ ಒಬ್ಬ ಇಳೀತಿದ್ದಾನೆ. ಬಿಳಿ ಅಂಗಿ. ಹಿತ್ತಾಳೆ ಗುಂಡಿ ಹೊಳೀತಿದೆ."

ಅಕ್ಕನ ಹಿಡಿತ ಬಿಗಿಯಾಯಿತು. "ಕಾಲರು? ಕಾಲರು ಹೇಗೆ ಕೂತಿದೆ?"

ಚೂರಮ್ಮ ಬೇಲಿಗೆ ಮುಖ ಒತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು. ಆ ಮನುಷ್ಯ ತೀರ ದೂರದಲ್ಲಿದ್ದ. ಮತ್ತೆ ನೋಡಿದಳು.

"ಇಷ್ಟು ದೂರದಿಂದ ಗೊತ್ತಾಗಲ್ಲ ಅಕ್ಕ."

ಅಕ್ಕ ಅವಳ ಕಡೆಗೆ ತಿರುಗಿದಳು. ನೇರವಾಗಿ, ಏನೂ ಕಾಣದ ಕಡೆಗೇ ತಿರುಗಿದಳು. ನಗುತ್ತಿದ್ದಳು, ಕೆನ್ನೆ ಒದ್ದೆಯಾಗಿತ್ತು.

"ಚೆನ್ನಾಗಿ ಕೂತಿದೆ ಅಂತ ಒಂದು ಸುಳ್ಳು ಹೇಳೋಕೂ ಬರಲ್ಲವಲ್ಲೇ ನಿನಗೆ," ಎಂದಳು.